ಎಂಟಾಣೆಗೆ ತೆರೆದ ಡಬ್ಬ

ಸೊಸೆ ವರಲಕ್ಷ್ಮಮ್ಮ ಲ್ಯಾಪ್‌ಟಾಪನ್ನು ಮೊದಲ ಸಲ ಮನೆಗೆ ತಂದ ದಿನ ಆಂಜಿನಪ್ಪ ಅದನ್ನು ನೋಡಿದ ರೀತಿ ನೋಡಬೇಕಿತ್ತು. ಸಂತೆಯಲ್ಲಿ ಹಸು ಕೊಳ್ಳುವವನೂ ಅಷ್ಟು ಹೊತ್ತು ನೋಡುವುದಿಲ್ಲ. ಚಾಪೆಯ ಮೇಲೆ ಇಟ್ಟುಕೊಂಡು ಎತ್ತಿ ತೂಕ ನೋಡಿದ, ಮುಚ್ಚಳವನ್ನು ಹತ್ತು ಸಲ ತೆಗೆದು ಹಾಕಿದ, ಕೀಲಿಗೆ ಕಿವಿಯಿಟ್ಟು ಕೇಳಿದ, ತಲೆಕೆಳಗು ಮಾಡಿ ತಳವನ್ನು ಬೆರಳಿನಿಂದ ಸವರಿದ. ಕೊನೆಗೆ ಕನ್ನಡಕ ತೆಗೆದು ತೀರ್ಪು ಕೊಟ್ಟ.

"ಮಾಡ್ದೋನು ಪರ್ವಾಗಿಲ್ಲ."

"ಏನ್ ಪರ್ವಾಗಿಲ್ಲ ಮಾವ!" ಎಂದಳು ವರಲಕ್ಷ್ಮಮ್ಮ, ಹೆಗಲು ಉಜ್ಜಿಕೊಳ್ಳುತ್ತಾ. "ಆಫೀಸಲ್ಲಿ ಒಸಾದೊಂದು ಐತೆ. ಸ್ಲೇಟಿನಂಗೆ ತೆಳ್ಳಗೆ, ನೋಡೋಕೇ ಚೆಂದ. ಅದು ನನ್ ಜೊತೆ ಕೆಲ್ಸದ ಸೊಣ್ಣಪ್ಪಂಗೆ ಸಿಕ್ತು. ನನ್ ಅಣೇಲಿ ಈ ರುಬ್ಬೋ ಗುಂಡು ಬರ್ದಿತ್ತು."

ಅದು ತೊಂಬತ್ತೈದನೇ ಇಸವಿ. ಬಂಗಾರಪೇಟೆಯಲ್ಲಿ ಆಫೀಸು ಮಾಡಿಕೊಂಡಿದ್ದ ಒಂದು ಟ್ರಸ್ಟಿನವರು ಕೆಜಿಎಫ್ ಗಣಿಯಿಂದ ನಿವೃತ್ತರಾದವರ ಎದೆ ಪರೀಕ್ಷೆಗೆ ಹೊರಟಿದ್ದರು. ಗಣಿಯೊಳಗಿನ ಕಲ್ಲಿನ ಧೂಳು ಕುಡಿದು ಕುಡಿದು ಎಷ್ಟೋ ಜನರ ಉಸಿರು ಹಾಳಾಗಿತ್ತು. ಮನೆಮನೆಗೆ ಹೋಗಿ ಒಬ್ಬೊಬ್ಬರ ಹೆಸರು, ಕೆಮ್ಮು, ಏದುಸಿರು ಎಲ್ಲ ಕೇಳಿ ಲ್ಯಾಪ್‌ಟಾಪಿಗೆ ಹಾಕುವುದು ವರಲಕ್ಷ್ಮಮ್ಮನ ಕೆಲಸ. ಆ ಪಟ್ಟಿ ನೋಡಿ ಎಕ್ಸ್‌ರೇ ವ್ಯಾನು ಬರುತ್ತದೆ. ಕಾಗದವಾದರೆ ಕಳೆದುಹೋಗುತ್ತದೆ ಎಂದು ಟ್ರಸ್ಟಿನವರು ಈ ಡಬ್ಬ ಕೊಟ್ಟಿದ್ದರು. ಡಬ್ಬ ಅಂದದ್ದು ಆಂಜಿನಪ್ಪನ ಹೆಂಡತಿ ಮುನಿಶಾಮಮ್ಮ. ಆಮೇಲೆ ಮನೆಯಲ್ಲಿ ಅದಕ್ಕೆ ಅದೇ ಹೆಸರಾಯಿತು.

ಆಂಜಿನಪ್ಪನಿಗೆ ಇಂಥ ವಸ್ತು ನೋಡುವ ಕಣ್ಣು ಬಂದದ್ದು ಗಣಿಯಿಂದಲೇ. ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಬೆಳಗಿನ ರೈಲು ಹಿಡಿದು ಇಪ್ಪತ್ತೊಂಬತ್ತು ವರ್ಷ ದುಡಿದವನು. ಮೊದಲ ಒಂಬತ್ತು ವರ್ಷ ನಂದಿದುರ್ಗ ಗಣಿಯ ಒಳಗೆ ಬಂಡೆ ಕೊರೆದ. ಕಾಲಿನ ಮೇಲೆ ಕಲ್ಲು ಬಿದ್ದ ಮೇಲೆ ಅವನನ್ನು ಲ್ಯಾಂಪ್ ರೂಮಿಗೆ ಹಾಕಿದರು. ಕೆಳಗಿಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಕಿಟಕಿಯಲ್ಲಿ ಕೊಟ್ಟು ಟೋಪಿಗೆ ಹಾಕುವ ದೀಪ ತೆಗೆದುಕೊಳ್ಳಬೇಕು. ಮೇಲೆ ಬಂದು ದೀಪ ಕೊಟ್ಟರೆ ಬಿಲ್ಲೆ ವಾಪಸ್. ಗೋಡೆಯ ಹಲಗೆಯ ಮೇಲೆ ಒಂದು ಬಿಲ್ಲೆ ಉಳಿದಿದೆ ಎಂದರೆ ಒಬ್ಬ ಮನುಷ್ಯ ಇನ್ನೂ ನೆಲದೊಳಗಿದ್ದಾನೆ ಎಂದು ಅರ್ಥ. ಅದು ಇಳಿಯುವ ತನಕ ಆಂಜಿನಪ್ಪ ಮನೆಗೆ ಹೋಗುವಂತಿರಲಿಲ್ಲ.

ಬಿಲ್ಲೆ ಕೈಗಿಡುವಾಗ ಅವನು ಪ್ರತಿಯೊಬ್ಬನಿಗೂ "ಬಂದ್ಯಾ?" ಅನ್ನುತ್ತಿದ್ದ. ತಮಿಳಿನವರಾದರೆ "ವಂದುಟ್ಟಿಯಾ?" ಎದುರಿಗೇ ನಿಂತವನನ್ನು ಬಂದ್ಯಾ ಎಂದು ಕೇಳುವುದು ಏನು ಹುಚ್ಚು ಎಂದು ಹೊಸಬರು ನಗುತ್ತಿದ್ದರು. ಒಂದೆರಡು ಸಲ ಅಪಘಾತದ ಸೈರನ್ ಕೂಗಿದ ಮೇಲೆ ಅವರೂ ನಗುವುದು ಬಿಟ್ಟು, "ಬಂದೆ ಕಣಣ್ಣ" ಎಂದು ಉತ್ತರ ಕೊಟ್ಟು ಹೋಗುತ್ತಿದ್ದರು. ಇಪ್ಪತ್ತು ವರ್ಷ ಇದೇ ನಡೆಯಿತು. ಆಂಜಿನಪ್ಪನಿಗೆ ಮಾತ್ರ ಆ ಹಲಗೆಯಲ್ಲಿ ಬಿಲ್ಲೆ ಇರಲಿಲ್ಲ, ಕೆಳಗಿಳಿಯದವನಿಗೆ ಬಿಲ್ಲೆ ಯಾಕೆ? ಅವನ ಹಳೆಯ ಬಿಲ್ಲೆ, ಇನ್ನೂರ ಹದಿನಾರು, ಅಂಗಿಯ ಜೇಬಿನಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು.

ಹಾಗಾಗಿ ವಸ್ತು ಮಾಡುವವನು ಅದನ್ನು ಹಿಡಿಯುವ ಕೈಯನ್ನು ನೆನೆಸಿಕೊಂಡು ಮಾಡಿದ್ದಾನೋ ಇಲ್ಲವೋ ಎಂಬುದು ಆಂಜಿನಪ್ಪನಿಗೆ ಮುಟ್ಟಿದರೆ ಗೊತ್ತಾಗುತ್ತಿತ್ತು. ಟೋಪಿ ದೀಪದ ಗುಂಡಿ ದಪ್ಪಗಿರುತ್ತದೆ, ಯಾಕೆಂದರೆ ಕೆಸರು ಮೆತ್ತಿದ ಬೆರಳಿಗೂ ಅದು ಸಿಗಬೇಕು. ವೈರು ಟೋಪಿಯ ಹಿಂದಿನಿಂದ ಇಳಿಯುತ್ತದೆ, ಮುಂದೆ ಬಂದರೆ ಕೆಲಸದಲ್ಲಿ ತೊಡರುತ್ತದೆ. ಡಬ್ಬದಲ್ಲೂ ಅವನು ಅದನ್ನೇ ಹುಡುಕಿದ. ಕೀಲು ಲೋಹದ್ದು, ಅದಕ್ಕೆ ಅಂಕ ಕೊಟ್ಟ. ಬ್ಯಾಟರಿ ಒಂದೇ ಚಿಲಕ ಸರಿಸಿದರೆ ಕೈಗೆ ಬರುತ್ತದೆ, ಅದಕ್ಕೂ ಕೊಟ್ಟ. ಚಾರ್ಜಿನ ಪಿನ್ನು ಮಾತ್ರ ಪಕ್ಕದಲ್ಲಿ ಹೆಬ್ಬೆರಳುದ್ದ ಚಾಚಿಕೊಂಡಿತ್ತು.

"ಇದು ಒಂದಿನ ಎಲ್ಲಾನಾ ತಗ್ಲಾಕ್ಕೊಂಡು ಮುರೀತೈತೆ, ನೋಡ್ತಿರು," ಎಂದ. "ಫ್ಲಾಪಿ ಆಕೋ ಬಾಯ್ಗೂ ಮುಚ್ಚಳ ಇಲ್ಲ. ನಮ್ಮೂರ್ ಧೂಳು ಅವ್ನಿಗೇನ್ ಗೊತ್ತು."

ತಳದಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಒಂದೇ ಒಂದು ದೊಡ್ಡ ತಿರುಪು, ಅದರ ತಲೆಯ ಸೀಳು ಅಗಲವಾಗಿತ್ತು. ಪಕ್ಕದಲ್ಲಿ ಪೀಪಾಯಿಯ ಹಾಗೆ ಪುಟ್ಟ ಚಿತ್ರ ಕೆತ್ತಿದ್ದರು. ಬೇರೆ ತಿರುಪೆಲ್ಲ ಸಣ್ಣವು, ಗಡಿಯಾರದಂಗಡಿಯವನ ಸಾಮಾನು ಬೇಕು ಬಿಚ್ಚಲು. ಇದೊಂದು ಮಾತ್ರ ಹೀಗೆ.

"ಇದನ್ನ ಯಾರಾದ್ರೂ ಬಿಚ್ಲಿ ಅಂತಾನೇ ಮಾಡವ್ನೆ. ಏನೈತೆ ಇದ್ರೊಳ್ಗೆ?"

"ನಂಗೇನ್ ಗೊತ್ತು ಮಾವ. ಬಿಚ್ಬೇಡಿ, ಕೈ ಮುಗೀತೀನಿ."

"ಸುಮ್ಸುಮ್ನೆ ದೀಪ ಬಿಚ್ಚೋನು ನಾನಲ್ಲ," ಎಂದು ಆಂಜಿನಪ್ಪ ಡಬ್ಬ ಮುಚ್ಚಿದ.

ಮಾರನೆಯ ದಿನ ಅವಳು ಅಭ್ಯಾಸ ಮಾಡಿಕೊಳ್ಳಬೇಕೆಂದು ಮಾವನನ್ನೇ ಎದುರಿಗೆ ಕೂರಿಸಿಕೊಂಡಳು. ಎರಡೇ ಬೆರಳಿನಲ್ಲಿ ಒಂದೊಂದು ಅಕ್ಷರ ಹುಡುಕಿ ಕುಟ್ಟುತ್ತಿದ್ದಳು. ಹೆಸರು ಕೇಳಿದಳು, ಅವನು ಗತ್ತಿನಿಂದ ಹೇಳಿದ. ಒಳಗೆ ಎಷ್ಟು ವರ್ಷ? ಒಂಬತ್ತು. ಕೆಮ್ಮು?

"ಎಲ್ಲಾರ್ಗೂ ಇರೋವಷ್ಟು."

"ಸುಳ್ಳು!" ಎಂದು ಮುನಿಶಾಮಮ್ಮ ಅಡುಗೆಮನೆಯಿಂದ ಕೂಗಿದಳು. "ಕೋಳಿಗಿಂತ ಮುಂಚೆ ಬೀದಿ ಎಬ್ಬಿಸೋದು ಇವ್ರ ಕೆಮ್ಮೇ. ಎರಡು ವರ್ಸ ಆಯ್ತು, ಆಸ್ಪತ್ರೆ ಅಂದ್ರೆ ಮೈಮೇಲೆ ಬತ್ತಾರೆ."

"ಲ್ಯಾಂಪ್ ರೂಮ್ನೋನ್ಗೆ ಏನಾಗ್ತೈತೆ?" ಎಂದು ಆಂಜಿನಪ್ಪ ರೇಗಿದ. ವರಲಕ್ಷ್ಮಮ್ಮ ಟಕ್ ಟಕ್ ಎಂದು ಇನ್ನೊಂದಿಷ್ಟು ಕುಟ್ಟಿ, "ಆಯ್ತು ಮಾವ, ಆಟ ಮುಗೀತು," ಎಂದಳು.

ಆಮೇಲೆ ಮೂರು ವಾರ ಸೊಗಸಾಗಿ ನಡೆಯಿತು. ಅವಳು ಬೆಳಿಗ್ಗೆ ರೈಲಿನಲ್ಲಿ ಕೋರಮಂಡಲ್, ಉರಿಗಾಂ ಎಂದು ಹೋಗಿ ಗಣಿ ಕೆಲಸದವರ ಸಾಲು ಸಾಲು ಲೈನು ಮನೆಗಳ ಮುಂದೆ ಕೂತು ಡಬ್ಬ ತೆರೆಯುತ್ತಿದ್ದಳು. ಸಂಜೆ ಐದಕ್ಕೆ ಮನೆಗೆ ಬಂದರೆ ಮಾವ ಆಗಲೇ ಪ್ಲಗ್ಗಿನ ಪಕ್ಕದಲ್ಲಿ ನಿಂತಿರುತ್ತಿದ್ದ. ಅವಳು ಕಾಲು ತೊಳೆದು ಬರುವುದರೊಳಗೆ ಡಬ್ಬದ ಧೂಳು ಒರೆಸಿ ಚಾರ್ಜಿಗೆ ಹಾಕಿಯಾಗಿರುತ್ತಿತ್ತು. ಅರ್ಧ ಗಂಟೆ ಬಳಸಿದ್ದರೂ ಸರಿ, ಚಾರ್ಜಿಗೆ ಹಾಕಲೇಬೇಕು. ಲ್ಯಾಂಪ್ ರೂಮಿನ ಮೊದಲ ನೇಮ ಅದು. ಪಾಳಿ ಮುಗಿಸಿ ಬಂದ ದೀಪ ಎಷ್ಟೇ ಉರಿದಿರಲಿ, ಹಾಗೇ ಬಿಟ್ಟರೆ ಬ್ಯಾಟರಿ ಸಾಯುತ್ತದೆ. ಇದನ್ನು ಅವನು ಹೊಸ ಹುಡುಗರಿಗೆ ಬೈದು ಬೈದು ಕಲಿಸಿದ್ದ.

"ಕಟ್ಕೊಂಡ ಎಂಡ್ತಿಗೆ ಒಂದಿನಾನೂ ಇಂಥ ಸೇವೆ ಮಾಡ್ಲಿಲ್ಲ," ಎಂದು ಮುನಿಶಾಮಮ್ಮ ಚುಚ್ಚುತ್ತಿದ್ದಳು. ಆಂಜಿನಪ್ಪ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಿವೃತ್ತನಾಗಿ ಎರಡು ವರ್ಷವಾದ ಮೇಲೆ ಸಂಜೆಗೆ ಒಂದು ಕೆಲಸ ಸಿಕ್ಕಿತ್ತು, ಯಾರೋ ಹೊರಗೆ ಹೋದವರು ಮನೆಗೆ ಬರುವುದನ್ನು ಕಾಯುವ ಕೆಲಸ. ಅದು ಅವನಿಗೆ ಒಗ್ಗಿದ್ದು.

ಆದರೆ ಡಬ್ಬದ ಬ್ಯಾಟರಿ ದಿನದಿನಕ್ಕೆ ಸೋಲತೊಡಗಿತು. ಮೊದಲು ಎರಡು ಗಂಟೆ ಬರುತ್ತಿದ್ದದ್ದು ಒಂದು ಗಂಟೆಗಿಳಿಯಿತು, ಆಮೇಲೆ ಅರ್ಧಕ್ಕೆ, ಕೊನೆಗೆ ಹತ್ತು ನಿಮಿಷಕ್ಕೆ. ಆಂಜಿನಪ್ಪ ಇನ್ನೂ ಜಾಸ್ತಿ ಹೊತ್ತು ಚಾರ್ಜಿಗೆ ಹಾಕಿದ. ಫ್ಲಾಪಿಯ ಬಾಯಂತೂ ಮೊದಲ ವಾರದಲ್ಲೇ ಕೆಟ್ಟಿತ್ತು. ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಬೂದಿಮಣ್ಣು ಗಾಳಿಗೆ ಎದ್ದು ಬಂದು ಅದರೊಳಗೆ ಕೂತಿತ್ತು. ಆದ್ದರಿಂದ ಹೆಸರುಗಳನ್ನು ಫ್ಲಾಪಿಗೆ ಇಳಿಸಿಟ್ಟುಕೊಳ್ಳಲು ಆಗಿರಲಿಲ್ಲ. ಎಲ್ಲ ಮುಗಿದ ಮೇಲೆ ಒಟ್ಟಿಗೆ ನೋಡೋಣ ಎಂದು ಆಫೀಸಿನ ವೆಂಕಟೇಶಪ್ಪನವರು ಹೇಳಿದ್ದರು.

ಬುಧವಾರ ಮಧ್ಯಾಹ್ನ ವರಲಕ್ಷ್ಮಮ್ಮ ಕೊನೆಯ ಮನೆಗೆ ಹೋದಳು. ಅದು ಕೋರಮಂಡಲ್ ಲೈನಿನಲ್ಲಿ ಪೆರುಮಾಳ್ ಮನೆ. ಆಂಜಿನಪ್ಪನೂ ಜೊತೆಗೆ ಹೋಗಿದ್ದ. ಪೆರುಮಾಳ್ ಅವನ ಹಳೆಯ ಜೊತೆಗಾರ, ದೀಪದ ನಂಬರು ನಾನೂರ ಹದಿನೇಳು. ಒಂದು ಕಾಲದಲ್ಲಿ ಕಬ್ಬಿಣದ ಕೊಳವೆಯನ್ನು ಒಬ್ಬನೇ ಹೆಗಲ ಮೇಲೆ ಹೊತ್ತವನು ಈಗ ಬಾಗಿಲಿನಿಂದ ಜಗಲಿಗೆ ಬರಲು ಎರಡು ಕಡೆ ನಿಲ್ಲಬೇಕಿತ್ತು. ಒಳಗೆ ಕತ್ತಲೆ. ಬ್ಯಾಟರಿ ನಂಬುವ ಹಾಗಿಲ್ಲವೆಂದು ವರಲಕ್ಷ್ಮಮ್ಮ ಕಿಟಕಿಯಿಂದ ವೈರು ಎಳೆದುಕೊಂಡು ಜಗಲಿಯ ಮೇಲೆ ಕೂತಳು. ಪೆರುಮಾಳನದು ಮುನ್ನೂರ ನಲವತ್ತೆಂಟನೆಯ ಹೆಸರು. ಕೊನೆಯ ಪ್ರಶ್ನೆಗೆ ಅವನು ಉತ್ತರ ಕೊಟ್ಟು, ಅವಳು ಅದನ್ನು ಹಾಕಿ, ಉಸ್ಸಪ್ಪಾ ಎಂದು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಪಕ್ಕದ ಮನೆಯ ಮೇಕೆ ಬಂದು ವೈರಿಗೆ ಕಾಲು ಕೊಟ್ಟಿತು.

ಡಬ್ಬ ಜಗಲಿಯಿಂದ ಕಲ್ಲಿನ ಮೇಲೆ ಬಿತ್ತು. ಮುಚ್ಚಳ ಒಡೆಯಲಿಲ್ಲ, ಕೀಲು ಹಿಡಿದುಕೊಂಡಿತು. ಆದರೆ ಚಾಚಿಕೊಂಡಿದ್ದ ಪಿನ್ನು ಒಳಕ್ಕೆ ನುಗ್ಗಿ ಮುರಿದಿತ್ತು. ಬ್ಯಾಟರಿಯಲ್ಲೂ ಜೀವವಿರಲಿಲ್ಲ, ಗುಂಡಿ ಎಷ್ಟು ಒತ್ತಿದರೂ ಬೆಳಕು ಬರಲಿಲ್ಲ. ವರಲಕ್ಷ್ಮಮ್ಮ ಅಳಲೂ ಮರೆತು ಕೂತಳು.

"ಪೋನಾ ಪೋಗಟ್ಟುಂ ವಿಡಮ್ಮಾ," ಎಂದ ಪೆರುಮಾಳ್, ಉಸಿರು ಹಿಡಿದು ಹಿಡಿದು. "ಓದ್ರೆ ಓಗ್ಲಿ. ನಂದು ಎಲ್ಲಾ ಆಗೋಯ್ತು. ನೀನು ಅಳಬೇಡ."

ಅವನು ಅದನ್ನು ನಗುತ್ತಲೇ ಹೇಳಿದ. ಆಂಜಿನಪ್ಪನಿಗೆ ಆ ನಗು ನೋಡಲಾಗಲಿಲ್ಲ.

ಗುರುವಾರ ಬೆಳಿಗ್ಗೆ ಮಾವ ಸೊಸೆ ಇಬ್ಬರೂ ಆಫೀಸಿನಲ್ಲಿ ಕೈಕಟ್ಟಿ ನಿಂತಿದ್ದರು. ವೆಂಕಟೇಶಪ್ಪನವರು ಒಳ್ಳೆಯವರು, ಬೈಯಲಿಲ್ಲ, ಅದಕ್ಕೇ ಇನ್ನೂ ಕಷ್ಟವಾಯಿತು. ವ್ಯಾನು ಶನಿವಾರ ಬರುವುದಿತ್ತು. ಪಟ್ಟಿ ಶುಕ್ರವಾರ ಮಧ್ಯಾಹ್ನದೊಳಗೆ ಡಾಕ್ಟರ ಕೈ ಸೇರದಿದ್ದರೆ ಅದು ಬೇರೆ ತಾಲೂಕಿಗೆ ಹೋಗುತ್ತದೆ. ಮತ್ತೆ ಈ ಕಡೆ ಯಾವಾಗಲೋ.

"ಬೆಂಗಳೂರಿಗೆ ಕಳಿಸಿದರೆ ಎಂಟು ದಿನ ಬೇಕು," ಎಂದರು. "ಹೋದ ತಿಂಗಳು ಸೊಣ್ಣಪ್ಪನ ಆ ತೆಳು ಮೆಷಿನ್ನಿನ ಕೀಲು ಮುರಿಯಿತಲ್ಲ, ಅದನ್ನು ಕಳಿಸಿದ್ದೆ. ಪೂರಾ ಬಿಚ್ಚಬೇಕಾಯಿತು ಅಂದರು. ಬಿಚ್ಚುವಾಗ ಒಳಗಿದ್ದ ಇನ್ನೂರು ಹೆಸರೂ ಹೋದವು. ಇದೂ ಹಾಗೇ ಆದರೆ ನಾನೇನು ಮಾಡಲಿ ಹೇಳಮ್ಮ?"

ವರಲಕ್ಷ್ಮಮ್ಮ ತಲೆ ತಗ್ಗಿಸಿದಳು. "ನಂದೇ ತಪ್ಪು ಸಾರ್. ವೈರ್ ಎಳೀಬಾರ್ದಿತ್ತು. ಬ್ಯಾಟ್ರಿ ನಿಲ್ತಿರ್ಲಿಲ್ಲ, ಅದ್ಕೇ..."

"ಬ್ಯಾಟರಿ ಯಾಕೆ ನಿಲ್ಲುತ್ತಿರಲಿಲ್ಲ? ಒಳ್ಳೇದೇ ಇತ್ತಲ್ಲ," ಎಂದು ವೆಂಕಟೇಶಪ್ಪನವರು ಡಬ್ಬದ ಜೊತೆ ಬಂದಿದ್ದ ಪುಸ್ತಕ ತೆಗೆದು ಹಾಳೆ ತಿರುವಿದರು. ಓದುತ್ತಾ ಓದುತ್ತಾ ಕನ್ನಡದಲ್ಲಿ ಹೇಳಿದರು. "ಇಲ್ಲಿದೆ ನೋಡು. ಬ್ಯಾಟರಿಯನ್ನು ಪೂರ್ತಿ ಖಾಲಿಯಾಗುವ ತನಕ ಬಳಸಬೇಕು. ಅರ್ಧ ಇರುವಾಗಲೇ ಪದೇ ಪದೇ ಚಾರ್ಜ್ ಮಾಡಿದರೆ ಅದರ ಶಕ್ತಿ ಕುಗ್ಗುತ್ತದೆ. ನೀನು ದಿನಾ ಚಾರ್ಜ್ ಮಾಡುತ್ತಿದ್ದೆಯಾ?"

ಆಂಜಿನಪ್ಪನಿಗೆ ಕಿವಿ ಬಿಸಿಯಾಯಿತು. ಇಪ್ಪತ್ತು ವರ್ಷದಲ್ಲಿ ಒಂದು ದೀಪ ಕೆಡಿಸಿದವನಲ್ಲ ಅವನು. ಇನ್ನೊಬ್ಬನ ಪಿನ್ನಿಗೆ ತಪ್ಪು ಹುಡುಕಿದ ಜಾಣ, ತನ್ನ ಕೈಯಿಂದಲೇ ಪ್ರತಿ ಸಂಜೆ ಬ್ಯಾಟರಿಯ ಕತ್ತು ಹಿಸುಕಿದ್ದ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಬಾಯಿ ಬಿಡುವವಳಲ್ಲ ಎಂದು ಅವನಿಗೆ ಗೊತ್ತಿತ್ತು, ಅದಕ್ಕೇ ಸುಮ್ಮನಿರಲಾಗಲಿಲ್ಲ.

"ಸಾ, ಅವ್ಳಲ್ಲ, ನಾನು," ಎಂದ. "ನಮ್ ಲ್ಯಾಂಪ್ ರೂಮಲ್ಲಿ ಅಂಗೇ ಮಾಡ್ಬೇಕು. ಇದ್ಕೂ ಅಂಗೇ ಅಂದ್ಕೊಂಡೆ. ದಿನಾ ಸಂಜೆ ನಾನೇ ಆಕ್ತಿದ್ದೆ. ಅವ್ಳ ಕೆಲ್ಸ ಮಾತ್ರ ತೆಗೀಬೇಡಿ, ಕಾಲಿಗೆ ಬೀಳ್ತೀನಿ."

"ಮಾವ, ಸುಮ್ನಿರಿ," ಎಂದಳು ವರಲಕ್ಷ್ಮಮ್ಮ. ಅವಳ ಕಣ್ಣು ಈಗ ತುಂಬಿಕೊಂಡಿತು. "ಬ್ಯಾಟ್ರಿ ಆಳಾಗೋಗ್ಲಿ ಸಾರ್. ನಾನ್ ಮನೆಗ್ ಬರೋ ಒತ್ಗೆ ಇವ್ರು ಬಾಗ್ಲಲ್ಲೇ ಕಾಯ್ತಿದ್ರು. ನನ್ ತವ್ರಲ್ಲೂ ನಂಗೋಸ್ಕರ ಯಾರೂ ಅಂಗೆ ಕಾದೋರಲ್ಲ. ಅವ್ರಿಗೆ ಒಂದ್ ಮಾತೂ ಅನ್ಬೇಡಿ."

ವೆಂಕಟೇಶಪ್ಪನವರು ಪುಸ್ತಕವನ್ನೇ ಇನ್ನೊಂದಿಷ್ಟು ತಿರುವಿದರು. ಆಂಜಿನಪ್ಪ ಮುಖ ತಿರುಗಿಸಿಕೊಳ್ಳಲು ಪುಸ್ತಕದ ಕಡೆ ನೋಡಿದ. ಹಾಳೆಯ ಮೂಲೆಯಲ್ಲಿ ಪೀಪಾಯಿಯ ಚಿತ್ರ ಕಂಡಿತು.

"ನಿಲ್ಸಿ ಸಾ! ಅದು, ಆ ಪೀಪಾಯಿ. ಅದೇನು?"

"ಅದಾ? ಹಾರ್ಡ್ ಡಿಸ್ಕು. ಹಾಕಿದ್ದೆಲ್ಲ ಹೋಗಿ ಕೂರುವುದು ಅದರೊಳಗೇ."

"ಎಸ್ರೆಲ್ಲಾ?"

"ಹೆಸರೆಲ್ಲ."

ಆಂಜಿನಪ್ಪ ಡಬ್ಬವನ್ನು ತಲೆಕೆಳಗು ಮಾಡಿದ. ಆ ಅಗಲ ಸೀಳಿನ ತಿರುಪು ಅಲ್ಲೇ ಇತ್ತು. ಜೇಬಿನಿಂದ ಬಿಲ್ಲೆ ತೆಗೆದು ಅದಕ್ಕೆ ಇಟ್ಟ, ಬಿಲ್ಲೆ ದಪ್ಪ, ಕೂರಲಿಲ್ಲ. ವೆಂಕಟೇಶಪ್ಪನವರ ಮೇಜಿನ ಮೇಲೆ ಎಂಟಾಣೆ ಬಿದ್ದಿತ್ತು. ಅದು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ನಾಲ್ಕು ಸುತ್ತಿಗೆ ತಿರುಪು ಸಡಿಲವಾಯಿತು, ಆದರೆ ಕೆಳಗೆ ಬೀಳಲಿಲ್ಲ. ಕಳೆದುಹೋಗದಿರಲೆಂದು ಅದನ್ನು ಅಲ್ಲೇ ಹಿಡಿಸಿದ್ದರು. ಬೆರಳು ಕೊಟ್ಟು ಎಳೆದರೆ ಬೆಂಕಿಪೊಟ್ಟಣದ ಖಾನೆಯ ಹಾಗೆ ಒಂದು ಪುಟ್ಟ ಖಾನೆ ಜಾರಿ ಕೈಗೆ ಬಂತು. ಮುನ್ನೂರ ನಲವತ್ತೆಂಟು ಜನ ಅವನ ಅಂಗೈಯಲ್ಲಿ ಕೂತಿದ್ದರು.

"ಇಂಥದೇ ಇನ್ನೊಂದು ಡಬ್ಬ ಐತಾ ಸಾ?"

ಇತ್ತು. ಅರ್ಧ ಅಕ್ಷರದ ಗುಂಡಿಗಳು ಸತ್ತು, ಎಸೆಯಲು ಮನಸ್ಸು ಬರದೆ ಬೀರುವಿನಲ್ಲಿಟ್ಟಿದ್ದದ್ದು. ಅದರ ಫ್ಲಾಪಿ ಬಾಯಿ ಧೂಳು ಕಂಡಿರಲಿಲ್ಲ. ಆಂಜಿನಪ್ಪ ಅದರ ಖಾನೆ ಹೊರಗೆಳೆದು ಇದನ್ನು ಒಳಗೆ ತಳ್ಳಿದ, ಟಕ್ ಎಂದು ಕೂತಿತು. ವೆಂಕಟೇಶಪ್ಪನವರು ಗುಂಡಿ ಒತ್ತಿದರು. ಡಬ್ಬ ಗುರ್ ಎಂದಿತು, ಕಪ್ಪಗಿದ್ದದ್ದು ನೀಲಿಯಾಯಿತು, ಹೆಸರುಗಳು ಒಂದರ ಕೆಳಗೊಂದು ಬಂದವು. ಎಲ್ಲಕ್ಕಿಂತ ಕೆಳಗೆ ಪೆರುಮಾಳ್.

"ವಂದುಟ್ಟಿಯಾ," ಎಂದ ಆಂಜಿನಪ್ಪ.

ಫ್ಲಾಪಿಗೆ ಎರಡೆರಡು ಸಲ ಇಳಿಸಿಕೊಂಡು ವೆಂಕಟೇಶಪ್ಪನವರು ಪ್ರಿಂಟರಿಗೆ ಕಾಗದ ಹಾಕಿದರು. ಅದು ಕಿರ್ರ್ ಎಂದು ಅಚ್ಚು ಹಾಕುತ್ತಿದ್ದಾಗ ಆಂಜಿನಪ್ಪ ಆ ತಿರುಪನ್ನೇ ನೋಡುತ್ತಾ ಕೂತಿದ್ದ. ಯಾವ ದೇಶದವನೋ, ಯಾವ ಜಾತಿಯವನೋ, ಗಂಡೋ ಹೆಣ್ಣೋ. ಇದನ್ನು ಮಾಡುವಾಗ ಕೂತು ಯೋಚಿಸಿದ್ದಾನೆ, ಎಂದಾದರೂ ಇದು ಎಲ್ಲಾದರೂ ಬೀಳುತ್ತದೆ, ಅಲ್ಲಿ ಯಾರ ಹತ್ತಿರವೂ ಸಾಮಾನು ಇರುವುದಿಲ್ಲ, ಜೇಬಿನಲ್ಲಿ ಒಂದು ಕಾಸಾದರೂ ಇರುತ್ತದೆ ಎಂದು. ಪಿನ್ನಿನ ವಿಷಯದಲ್ಲಿ ಪೆದ್ದನೇ ಇರಬಹುದು, ಆದರೆ ಇದರಲ್ಲಿ ದೇವರಂಥವನು. ಅವನ ವಿಳಾಸ ಗೊತ್ತಿದ್ದರೆ ಆಂಜಿನಪ್ಪ ಒಂದು ಕಾರ್ಡು ಬರೆಯುತ್ತಿದ್ದ. ಗೊತ್ತಿಲ್ಲದ್ದರಿಂದ, ವೆಂಕಟೇಶಪ್ಪನವರು ಆ ಕಡೆ ತಿರುಗಿದಾಗ, ಡಬ್ಬಕ್ಕೆ ಕೈ ಮುಗಿದ.

ಅಚ್ಚಾಗಿ ಬಂದ ಕಾಗದದ ಮೊದಲ ಹಾಳೆ ಅವನ ಕಾಲ ಬಳಿ ಮಡಚಿಕೊಂಡು ಬಿತ್ತು. ಎತ್ತಿಕೊಂಡ. ಲ್ಯಾಂಪ್ ರೂಮಿನ ರಿಜಿಸ್ಟರಿನ ಪುಣ್ಯದಿಂದ ಅವನಿಗೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಓದಲು ಬರುತ್ತಿತ್ತು. ಒಂದನೇ ನಂಬರು, ಆಂಜಿನಪ್ಪ. ಗಣಿಯೊಳಗೆ ಒಂಬತ್ತು ವರ್ಷ. ಮುಂದೆ ಇನ್ನೂ ಏನೇನೋ ಇತ್ತು.

"ಇದೇನಮ್ಮ ಇದು? ಅವತ್ತು ಆಟ ಅಂದಿದ್ಯಲ್ಲ?"

"ಆಟಾನೇ," ಎಂದಳು ವರಲಕ್ಷ್ಮಮ್ಮ, ನೆಲ ನೋಡುತ್ತಾ. "ಅಳಿಸ್ಲಿಲ್ಲ ಅಷ್ಟೇ."

"ಇಲ್ಲೇನ್ ಬರ್ದಿದ್ದೀಯ?"

ಅವಳು ಹೇಳಲೋ ಬೇಡವೋ ಎಂದು ನಿಂತಳು. ವೆಂಕಟೇಶಪ್ಪನವರೇ ಇಣುಕಿ ನೋಡಿ ಓದಿದರು. "ಕೆಮ್ಮು ಎರಡು ವರ್ಷದಿಂದ, ಬೆಳಗಿನ ಜಾವ ಜಾಸ್ತಿ. ಕೇಳಿದರೆ ಇಲ್ಲ ಅನ್ನುತ್ತಾರೆ. ತಪ್ಪದೆ ಕರೆಯಬೇಕು."

ಆಂಜಿನಪ್ಪನಿಗೆ ರೇಗಬೇಕಿತ್ತು. ರೇಗಲು ಬಾಯಿಯನ್ನೂ ತೆರೆದ. ಕೆಮ್ಮು ಬಂತು, ಬಂದದ್ದು ಬೇಗ ನಿಲ್ಲಲಿಲ್ಲ.

ಶನಿವಾರ ಬೆಳಿಗ್ಗೆ ಎಕ್ಸ್‌ರೇ ವ್ಯಾನು ಕೋರಮಂಡಲ್ಲಿನ ಶಾಲೆಯ ಮೈದಾನಕ್ಕೆ ಬಂತು. ಪೆರುಮಾಳನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ನಾಲ್ಕು ಜನ ಹೊತ್ತು ತಂದರು, ಮದುವೆ ಗಂಡಿನ ಮೆರವಣಿಗೆ ಎಂದು ಅವನೇ ತಮಾಷೆ ಮಾಡಿಕೊಂಡ. ಡಾಕ್ಟರು ಪಟ್ಟಿ ಹಿಡಿದು ಮೊದಲ ಹೆಸರು ಕೂಗಿದರು. ಆಂಜಿನಪ್ಪ ವ್ಯಾನಿನ ಮೆಟ್ಟಿಲ ತನಕ ಹೋಗಿ ನಿಂತ. ಮೂವತ್ತೊಂದು ವರ್ಷದ ಹಿಂದೆ ಮೊದಲ ಸಲ ಗಣಿಗೆ ಇಳಿಯುವಾಗ ಹೀಗೇ ಕಾಲು ಹಿಂದೆ ಎಳೆದಿತ್ತು. ಮುಚ್ಚಿಟ್ಟುಕೊಂಡು ಬಂದಿದ್ದನ್ನೆಲ್ಲ ಆ ಕತ್ತಲೆ ಪೆಟ್ಟಿಗೆ ನೋಡಿಬಿಡುತ್ತದೆ ಎಂದು ಅವನಿಗೆ ಭಯವಾಗಿತ್ತು, ಎರಡು ವರ್ಷದಿಂದಲೂ ಅದೇ ಭಯ.

ಜೇಬಿನಿಂದ ಬಿಲ್ಲೆ ತೆಗೆದು ಸೊಸೆಯ ಕೈಯಲ್ಲಿಟ್ಟ.

"ಇಟ್ಕೊಂಡಿರು ತಾಯಿ," ಎಂದು ಒಳಗೆ ಹೋದ.

ಒಳಗೆ ಅಂಗಿ ಬಿಚ್ಚಿಸಿದರು, ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಲ್ಲಿಸಿದರು, ಉಸಿರು ಹಿಡಿಯಿರಿ ಎಂದರು. ಹಿಡಿದಾಗಲೆಲ್ಲ ಕೆಮ್ಮು ಬಂದು ಮೂರು ಸಲ ಮತ್ತೆ ನಿಲ್ಲಿಸಬೇಕಾಯಿತು. ಆಮೇಲೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಎಡಗಡೆ ಒಂದು ಕಡೆ ಬೆರಳಿಟ್ಟು ತೋರಿಸಿದರು. ಧೂಳಿನ ಗುರುತು ಸ್ವಲ್ಪ ಇದೆ, ಅದರ ಮೇಲೆ ಕ್ಷಯ ಶುರುವಾಗಿದೆ, ಆರು ತಿಂಗಳು ಮಾತ್ರೆ ತಪ್ಪಿಸದೆ ನುಂಗಿದರೆ ವಾಸಿಯಾಗುತ್ತದೆ ಎಂದರು. ಇನ್ನೊಂದು ವರ್ಷ ಬಿಟ್ಟು ಬಂದಿದ್ದರೆ ಈ ಮಾತು ಹೇಳುತ್ತಿರಲಿಲ್ಲ ಎಂದೂ ಹೇಳಿದರು.

ಆಂಜಿನಪ್ಪ ಅಂಗಿ ಹಾಕಿಕೊಂಡು ಮೆಟ್ಟಿಲಿಳಿದ. ಬಿಸಿಲು ಕಣ್ಣಿಗೆ ಹೊಡೆಯಿತು. ಮುಕ್ಕಾಲು ಗಂಟೆಯಾಗಿತ್ತು, ಜನ ಸಾಲಿನಲ್ಲಿ ತಳ್ಳಾಡುತ್ತಿದ್ದರು. ಅವನು ಬಿಟ್ಟುಹೋದ ಜಾಗದಿಂದ ವರಲಕ್ಷ್ಮಮ್ಮ ಒಂದು ಹೆಜ್ಜೆಯೂ ಸರಿದಿರಲಿಲ್ಲ. ಮುಷ್ಟಿ ಬಿಗಿಯಾಗಿತ್ತು. ಬಿಡಿಸಿದಾಗ ಅವಳ ಅಂಗೈ ಮೇಲೆ ಇನ್ನೂರ ಹದಿನಾರು ಅಚ್ಚೊತ್ತಿತ್ತು. ಬಿಲ್ಲೆಯನ್ನು ಅವನ ಕೈಗಿಟ್ಟಳು.

"ಬಂದ್ರಾ ಮಾವ?" ಎಂದಳು.

ಇಪ್ಪತ್ತು ವರ್ಷ ಆ ಕಿಟಕಿಯ ಒಳಗೆ ನಿಂತು ಅವನು ಅದನ್ನು ಎಷ್ಟು ಸಾವಿರ ಜನಕ್ಕೆ ಕೇಳಿದ್ದನೋ. ಅವನನ್ನು ಯಾರೂ ಕೇಳಿರಲಿಲ್ಲ. ಆಂಜಿನಪ್ಪ ಬಿಲ್ಲೆ ಹಿಡಿದುಕೊಂಡು, ಸುತ್ತ ಜನ ಇದ್ದಾರೆಂಬುದನ್ನೂ ಮರೆತು ಅತ್ತ.

"ಬಂದೆ ಕಣಮ್ಮ," ಎಂದ.